ಹಿರಿಯರ ಮುಂದೆ ಎತ್ತಿಕೊಳ್ಳದ ಮಗ

ನನ್ನ ಮೊದಲ ಮಗನಿಗೆ ಆರು ವರ್ಷ ತುಂಬುವವರೆಗೆ ನಾನು ಅವನನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಈಗ ಇದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಆಗ ನಿನಗೆ ಸೊಂಟನೋವು ಇತ್ತೇನು ತಾತ, ಎಂದು ಕೇಳುತ್ತಾರೆ. ಸೊಂಟ ಚೆನ್ನಾಗಿಯೇ ಇತ್ತು. ನಾಲ್ಕು ಮಣದ ಹತ್ತಿ ಅಂಡಿಗೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದೆ. ಮಗನನ್ನು ಎತ್ತಿಕೊಳ್ಳುವಂತಿರಲಿಲ್ಲ, ಅಷ್ಟೇ.

ನಮ್ಮದು ದಾವಣಗೆರೆಯ ಹಳೇ ಪೇಟೆಯಲ್ಲಿ ಹತ್ತಿ ವ್ಯಾಪಾರದ ಮನೆ. ಊಟಕ್ಕೆ ಕೂತರೆ ಹದಿನೇಳು ಜನ. ನಮ್ಮಪ್ಪ ಮನೆಯ ಯಜಮಾನರು, ಅವರ ಇಬ್ಬರು ತಮ್ಮಂದಿರು, ಅವರ ಹೆಂಡಿರು ಮಕ್ಕಳು, ನಾನು, ನನ್ನ ತಮ್ಮ ತಂಗಿಯರು. ಆ ಮನೆಯಲ್ಲಿ ಯಾರೂ ಗೋಡೆಗೆ ಬರೆದು ಹಾಕದೆ ಇದ್ದ ಕಟ್ಟಳೆ ಒಂದಿತ್ತು. ಹಿರಿಯರ ಮುಂದೆ ಗಂಡಸು ತನ್ನ ಸ್ವಂತ ಮಗುವನ್ನು ಎತ್ತಿಕೊಳ್ಳಬಾರದು, ಮುದ್ದಾಡಬಾರದು, ಹೆಸರು ಹಿಡಿದು ಕರೆಯಬಾರದು. ಮಾಡಿದರೆ ನಾಚಿಕೆ ಬಿಟ್ಟವನು ಎನ್ನುತ್ತಿದ್ದರು. ಮಗ ಹುಟ್ಟಿದಾಗ ಊರಿಗೆಲ್ಲ ಪೇಡೆ ಹಂಚಿದವರು ನಮ್ಮಪ್ಪನೇ. ಆದರೂ ಆ ಕೂಸು ಹುಟ್ಟುವುದರಲ್ಲಿ ನನ್ನದೇನೂ ಪಾತ್ರವಿಲ್ಲ ಎಂಬಂತೆ ನಾನು ಮೂರು ತಿಂಗಳು ತಲೆ ತಗ್ಗಿಸಿ ಓಡಾಡಿದೆ.

ತಮಾಷೆ ಏನೆಂದರೆ ಬೇರೆಯವರ ಮಕ್ಕಳಿಗೆ ಈ ಕಟ್ಟಳೆ ಇರಲಿಲ್ಲ. ಚಿಕ್ಕಪ್ಪನ ಇಬ್ಬರು ಸಣ್ಣ ಮಕ್ಕಳನ್ನು ಎರಡು ಹೆಗಲ ಮೇಲೆ ಕೂರಿಸಿಕೊಂಡು ಮಂಡಕ್ಕಿ ಕೊಡಿಸಲು ನಾನೇ ಕರೆದೊಯ್ಯುತ್ತಿದ್ದೆ. ನನ್ನ ಮಗ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ. ಅವನನ್ನು ಎತ್ತಿಕೊಳ್ಳಲು ಚಿಕ್ಕಪ್ಪ ಇದ್ದರು, ನನ್ನ ತಮ್ಮ ಇದ್ದ, ಎಲ್ಲರಿಗಿಂತ ಹೆಚ್ಚಾಗಿ ನಮ್ಮಪ್ಪ ಇದ್ದರು. ಮನೆಯವರೆಲ್ಲ ನಮ್ಮಪ್ಪನನ್ನು ಅಪ್ಪ ಎನ್ನುತ್ತಿದ್ದರಿಂದ ಅವನೂ ಅವರನ್ನು ಅಪ್ಪ ಎಂದ. ನನ್ನ ತಮ್ಮ ತಂಗಿಯರ ಬಾಯಿಂದ ಕೇಳಿ ನನ್ನನ್ನು ಅಣ್ಣ ಎಂದ. ಇವತ್ತಿಗೂ ಅಣ್ಣ ಎಂದೇ ಕರೆಯುತ್ತಾನೆ, ಅದರಲ್ಲಿ ನನಗೆ ಬೇಸರವಿಲ್ಲ.

ಬೇಸರ ಇದ್ದದ್ದು ಬೇರೆ. ಸಂಜೆ ನಮ್ಮಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವನ ಕಿವಿ ಹಿಂಡುವುದು, ಹೊಟ್ಟೆಗೆ ಕಚಗುಳಿ ಇಡುವುದು, ತಮ್ಮ ತಟ್ಟೆಯ ತುಪ್ಪದ ತುತ್ತನ್ನು ಅವನ ಬಾಯಿಗೆ ಇಡುವುದು. ನನ್ನ ಜೊತೆ ಆ ಮನುಷ್ಯ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಎಂಟು ಹತ್ತಿಯ ಧಾರಣೆ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಮಗನನ್ನು ಎತ್ತಿಕೊಂಡಿದ್ದಾರಲ್ಲ ಎಂದು ಅಪ್ಪನ ಮೇಲೆ ಹೊಟ್ಟೆಕಿಚ್ಚು. ನನ್ನಪ್ಪನ ತೊಡೆಯ ಮೇಲೆ ಕೂತಿದ್ದಾನಲ್ಲ ಎಂದು ಮಗನ ಮೇಲೂ ಹೊಟ್ಟೆಕಿಚ್ಚು. ಇದನ್ನು ಬರೆಯಲು ಈಗಲೂ ಮುಜುಗರವಾಗುತ್ತದೆ, ಆದರೆ ಇದ್ದದ್ದು ಹಾಗೆ.

ಹಗಲು ಹೊತ್ತು ಹೆಂಡತಿಯ ಜೊತೆ ಮಾತಾಡುವಂತೆಯೂ ಇರಲಿಲ್ಲ. ಮಗ ಮಾತು ಕಲಿತ ಮೇಲೆ ನಮ್ಮಿಬ್ಬರಿಗೆ ಅವನೇ ಟಪಾಲು. "ನಿಮ್ಮಣ್ಣಗೆ ಕೇಳಪ್ಪ, ಇನ್ನೊಂದು ರೊಟ್ಟಿ ಹಾಕ್ಲೇನಂತ," ಎಂದು ಅವಳು ಒಲೆಯ ಮುಂದಿಂದಲೇ ಹೇಳುತ್ತಿದ್ದಳು. ಅವನು ಎರಡು ಹೆಜ್ಜೆ ಓಡಿ ಬಂದು ಅದನ್ನೇ ನನಗೆ ಹೇಳುತ್ತಿದ್ದ. ನಾನು ಅವನಿಗೆ ಹೇಳುತ್ತಿದ್ದೆ, ಅವನು ಮತ್ತೆ ಎರಡು ಹೆಜ್ಜೆ ಓಡುತ್ತಿದ್ದ. ಅವನ ಬಾಯಲ್ಲಿ ಆಗ ಮಾತು ಹುರಿದ ಜೋಳದ ಹಾಗೆ ಸಿಡಿಯುತ್ತಿತ್ತು.

ಅವನಿಗೆ ಐದು ವರ್ಷವಾಗಿದ್ದಾಗ, ಹತ್ತಿ ಬರುವ ಕಾಲದಲ್ಲಿ, ಒಂದು ಬೆಳಿಗ್ಗೆ ನಮ್ಮಪ್ಪ ಅವನನ್ನು ಮಾರ್ಕೆಟ್ಟಿಗೆ ಕರೆತಂದಿದ್ದರು. ಜಗಳೂರು ಕಡೆಯ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಯಾವುದೋ ಎತ್ತು ಬೆದರಿ ಒಂದು ಗಾಡಿ ಹಿಂದೆ ಸರಿಯಿತು, ಅದರ ಹಿಂದಿನದು ಅಡ್ಡ ತಿರುಗಿತು. ಜನ ಕೂಗಾಡಿ ದಿಕ್ಕಾಪಾಲಾದರು. ಆ ಗದ್ದಲದಲ್ಲಿ ಹುಡುಗ ಕೈ ತಪ್ಪಿದ. ಕಾಲು ಗಂಟೆ ಹುಡುಕಿದೆವು. ಕಡೆಗೆ ನಿಂತ ಗಾಡಿಯೊಂದರ ಅಡಿಯಿಂದ ಅವನೇ ತೆವಳಿಕೊಂಡು ಹೊರಗೆ ಬಂದ. ಮುಖದ ತುಂಬ ಧೂಳು, ತಲೆಯಲ್ಲಿ ಹತ್ತಿಯ ಎಳೆಗಳು. ಬಿಕ್ಕುತ್ತಿದ್ದವನು ನನ್ನನ್ನು ನೋಡಿದ. ಎರಡೂ ಕೈ ಮೇಲೆತ್ತಿ ನನ್ನ ಕಡೆಗೆ ಓಡಿ ಬಂದ.

ನನ್ನ ಕೈಗಳು ಮೇಲೆದ್ದವು. ಅದು ನನಗೆ ಚೆನ್ನಾಗಿ ನೆನಪಿದೆ. ಸೊಂಟದವರೆಗೆ ಬಂದವು. ಆಗ ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಮ್ಮಪ್ಪ ನಿಂತಿದ್ದಾರೆಂಬುದು ಬೆನ್ನಿಗೆ ಗೊತ್ತಾಯಿತು. ಅವರ ಪಕ್ಕ ಪರವೂರಿನ ಇಬ್ಬರು ಖರೀದಿದಾರರೂ ಇದ್ದರು. ನಾನು ಕೈಗಳನ್ನು ಧೋತರದ ಮಡಿಕೆಯೊಳಗೆ ತೂರಿಸಿಕೊಂಡೆ. ಪಕ್ಕದಲ್ಲಿದ್ದ ಹಮಾಲಿಯನ್ನು ಕರೆದೆ.

"ಇವನ್ನ ಎತ್ಕಳಪ್ಪ," ಎಂದೆ. ಮಗನಿಗೆ, "ಗಂಡುಹುಡುಗ ಆಗಿ ಅಳ್ತಾರೇನೋ," ಎಂದೆ.

ಆ ಹಮಾಲಿ ಒಳ್ಳೆಯವನು. ಚೀಲ ಕೆಳಗಿಟ್ಟು ಹುಡುಗನನ್ನು ಎತ್ತಿಕೊಂಡ. ತಲೆಯ ವಸ್ತ್ರ ಬಿಚ್ಚಿ ಅವನ ಮೂಗು ಒರೆಸಿದ. ಹುಡುಗ ಅವನ ತೋಳಲ್ಲಿದ್ದರೂ ಕೈಗಳನ್ನು ನನ್ನ ಕಡೆಗೇ ಚಾಚಿದ್ದ. ನಾನು ಹತ್ತಿಯ ರಾಶಿಗೆ ಕೈ ಹಾಕಿ ಎಳೆ ಎಳೆದು ನೋಡುವವನ ಹಾಗೆ ನಿಂತೆ.

ಅದಾದ ವಾರದೊಳಗೆ ಅವನ ಮಾತು ತೊಡರತೊಡಗಿತು. ಮೊದಲ ಅಕ್ಷರದಲ್ಲೇ ಸಿಕ್ಕಿ ಬೀಳುತ್ತಿತ್ತು. ಗಂಟಲ ನರ ಉಬ್ಬಿ, ಕಣ್ಣು ಅಗಲವಾಗಿ, ಕಡೆಗೆ ಮಾತು ಬರುವ ಹೊತ್ತಿಗೆ ಕೇಳುವವರೇ ಎದ್ದು ಹೋಗಿರುತ್ತಿದ್ದರು. ನಮ್ಮವ್ವ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಯಾರೋ ಹೇಳಿದರೆಂದು ಬಾಯಲ್ಲಿ ಬೆಣಚುಕಲ್ಲು ಇಡಿಸಿದರು. ನಂದಿಗುಡಿಗೆ ಬಸ್ಸಿನಲ್ಲಿ ಹೋಗಿ ಮಠದಲ್ಲಿ ವಿಭೂತಿ ಹಚ್ಚಿಸಿಕೊಂಡು ಬಂದೆವು. ಶಾಲೆಗೆ ಸೇರಿಸಿದರೆ ಹುಡುಗರು ಅಣಕಿಸಿದರು. ಮಗ್ಗಿ ಒಪ್ಪಿಸುವವರೆಗೆ ಶಾಲೆಯ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ದಸರೆಯ ಹೊತ್ತಿಗೆ ಅವನು ಮಾತಾಡುವುದನ್ನೇ ಬಿಟ್ಟ. ಬೇಕು ಎಂದರೆ ತಲೆ ಆಡಿಸುವುದು, ಬೇಡ ಎಂದರೆ ಹಿಂದೆ ಸರಿಯುವುದು. ನನಗೂ ನನ್ನ ಹೆಂಡತಿಗೂ ನಡುವೆ ಟಪಾಲು ನಿಂತುಹೋಯಿತು. ಅವಳು ಏನೂ ಕೇಳದೆ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು, ನಾನು ಏನೂ ಹೇಳದೆ ಉಣ್ಣುತ್ತಿದ್ದೆ.

ಯಾಕೆ ಹೀಗಾಯಿತು ಎಂದು ಎಲ್ಲರೂ ತಲೆ ಕೆಡಿಸಿಕೊಂಡರು. ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ನನ್ನ ಎದೆ ಹೇಳುತ್ತಿತ್ತು. ಯಾರಿಗೂ ಹೇಳಲಿಲ್ಲ.

"ಗರಡಿಗೆ ಹಾಕ್ರಿ," ಎಂದರು ಚಿಕ್ಕಪ್ಪ. "ಗಂಡಸ್ತನ ಬಂದ್ರೆ ಮಾತು ತಾನಾಗೇ ಬರ್ತೈತೆ."

ಹಾಕಿದೆವು. ಎಂಟೇ ದಿನಕ್ಕೆ ಗರಡಿಯ ಉಸ್ತಾದರು ಹುಡುಗನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಿವಿ ಮುದ್ದೆಯಾಗಿದ್ದ, ಕುತ್ತಿಗೆಯೇ ಇಲ್ಲದ ಆ ದಢೂತಿ ಮನುಷ್ಯ ನಮ್ಮಪ್ಪನ ಮುಂದೆ ಬಹಳ ಮೆಲ್ಲಗೆ ಮಾತಾಡಿದರು.

"ಮೈಯಾಗೆ ಏನೂ ಕಮ್ಮಿ ಇಲ್ರಿ. ಮಣ್ಣಾಗೆ ಕುಂತು ಸುಮ್ನೆ ನಮ್ಮನ್ನೇ ನೋಡ್ತಾನೆ. ಇದು ನನ್ನ ಕೆಲಸ ಅಲ್ಲ. ಹರಿಹರದಾಗೆ ಒಬ್ರು ಮೇಷ್ಟ್ರು ಅದಾರೆ. ಹೋದ್ವರ್ಷ ನಮ್ಮ ಒಬ್ಬ ಪೈಲ್ವಾನ ಕುಸ್ತಿ ಸೋತು ಅನ್ನ ಬಿಟ್ಟು ಕುಂತಿದ್ದ. ಅವರ ಹತ್ರ ಕಳಿಸಿದ್ದೆ. ಅಲ್ಲಿಗೆ ಕರ್ಕಂಡು ಹೋಗ್ರಿ."

ನಮ್ಮಪ್ಪ ತಾವೇ ಕರೆದುಕೊಂಡು ಹೋದರು. ಮಧ್ಯಾಹ್ನದೊಳಗೆ ಮುಖ ಕೆಂಪು ಮಾಡಿಕೊಂಡು ವಾಪಸು ಬಂದರು. "ತಲೆಕೆಟ್ಟೋನು. ಹುಡುಗನ್ನ ನೋಡ್ಲೇ ಇಲ್ಲ. ಇವನ ಅಪ್ಪ ಇಲ್ವೇನ್ರಿ, ಅವನ್ನ ಕಳಿಸ್ರಿ ಅಂದ." ಇಡೀ ಮಾರ್ಕೆಟ್ಟು ಎದ್ದು ನಿಂತು ಕೈ ಮುಗಿಯುವ ಮನುಷ್ಯನನ್ನು ಆ ಮೇಷ್ಟ್ರು ಹೊರಗಿಂದ ಹೊರಗೇ ಕಳಿಸಿದ್ದರು. ನಮ್ಮಪ್ಪ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದೇ ನಾನು ಎಣಿಸಿದ್ದೆ. ಆದರೆ ಮುಂದಿನ ಭಾನುವಾರ ಬೆಳಿಗ್ಗೆ, ನನ್ನ ಕಡೆ ನೋಡದೆ, ಕಂಬದ ಕಡೆ ನೋಡುತ್ತ, "ಹೋಗಿ ಬಾ," ಎಂದರು.

ಆಣೆ ಹೋಗಿ ನಯಾ ಪೈಸೆ ಬಂದು ವರ್ಷವೂ ಆಗಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೂ ಪ್ಯಾಸೆಂಜರುಗಳಿಗೂ ಆಣೆ ಪೈಸೆಯ ಜಗಳ ಹರಿಹರ ಮುಟ್ಟುವವರೆಗೂ ಮುಗಿಯುತ್ತಿರಲಿಲ್ಲ. ಎಲ್ಲಿಗೆ ಹೊರಟಿರಿ ಎಂದು ಕೇಳಿದವರಿಗೆ ಹರಿಹರೇಶ್ವರನ ಗುಡಿಗೆ ಎಂದೆ. ಆ ಮೇಷ್ಟ್ರ ಮನೆಗೆ ಹೋಗುವ ಗಂಡಸರೆಲ್ಲ ಹಾಗೇ ಹೇಳುತ್ತಿದ್ದರಂತೆ, ಯಾಕೆಂದರೆ ಊರವರು ಅವರಿಗೆ ಹುಚ್ಚು ಬಿಡಿಸುವ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ಗುಡಿಯಿಂದ ಹೊಳೆಗೆ ಇಳಿಯುವ ಓಣಿಯಲ್ಲಿ ಅವರದು ಎರಡು ಖೋಲಿಯ ಮನೆ. ಎಲ್ಲೋ ಟ್ರೇನಿಂಗ್ ಕಾಲೇಜಿನಲ್ಲಿ ಮೇಷ್ಟ್ರಾಗುವವರಿಗೆ ಮನಶ್ಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು. ನಶ್ಯದ ಡಬ್ಬಿ, ಮೊಣಕಾಲವರೆಗೆ ಪಂಚೆ, ಹಿತ್ತಲ ತುಂಬ ತೊಂಡೆಬಳ್ಳಿ. ಜಗಲಿಯ ಮೇಲೆ ನಡುಗುವ ಕೈಯ ಒಬ್ಬ ಪೊಲೀಸಿನವನು ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಅವನ ಪಕ್ಕ ಪರೀಕ್ಷೆಗೆ ಹೆದರಿ ಮನೆ ಬಿಟ್ಟು ಓಡಿಹೋಗಿದ್ದ ಕಾಲೇಜು ಹುಡುಗ. ಇಬ್ಬರೂ ಎದ್ದು ಹೋದ ಮೇಲೆ ಮೇಷ್ಟ್ರು ಕಡಲೆಕಾಯಿಯ ಮೊರವನ್ನು ನನ್ನ ಮತ್ತು ಮಗನ ನಡುವೆ ಇಟ್ಟರು.

"ಕೂಡ್ರಿ. ಸುಲೀರಿ. ಮಾತಾಡ್ಲೇಬೇಕು ಅಂತೇನಿಲ್ಲ."

ಅಷ್ಟು ಹೊತ್ತು ಒಂದೇ ಜಾಗದಲ್ಲಿ ಮಗನ ಪಕ್ಕ ನಾನು ಕೂತದ್ದು ಅದೇ ಮೊದಲು. ಅವನ ಬೆರಳುಗಳು ನನ್ನ ಬೆರಳುಗಳ ಹಾಗೆ ಮೊಂಡ ಎಂಬುದು ನನಗೆ ಆವತ್ತು ಗೊತ್ತಾಯಿತು. ಮೊರ ಮುಗಿಯುತ್ತ ಬಂದಾಗ ಮೇಷ್ಟ್ರು, ಹುಡುಗನಿಗಲ್ಲ, ನನಗೆ ಕೇಳಿದರು.

"ಇವನ್ನ ಕೊನೇ ಸಲ ಎತ್ಕಂಡಿದ್ದು ಯಾವಾಗ?"

"ನಮ್ಮ ಮನ್ಯಾಗೆ ಹಿರೇರ ಮುಂದೆ ಹಂಗೆಲ್ಲ..." ಎಂದು ತೊದಲಿದೆ. ಆ ಹೊತ್ತಿಗೆ ನನ್ನ ಮಾತು ಮಗನ ಮಾತಿಗಿಂತ ಕೆಟ್ಟದಾಗಿತ್ತು.

"ಇಲ್ಲಿ ಹಿರೇನು ಅಂದ್ರೆ ನಾನೊಬ್ಬನೇ. ನಾನು ಒಳಗೆ ಹೋಗ್ತೀನಿ," ಎಂದು ಎದ್ದು ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡರು.

ಜಗಲಿಯ ಮೇಲೆ ನಾವಿಬ್ಬರೇ. ಮಗ ನನ್ನನ್ನು ನೋಡಿದ, ನಾನು ಓಣಿ ನೋಡಿದೆ. ಯಾರೂ ಬರುತ್ತಿರಲಿಲ್ಲ. ಕಡೆಗೆ ಅವನ ಎರಡು ಕಂಕುಳಿಗೆ ಕೈ ಹಾಕಿ, ಕುಂಬಳಕಾಯಿ ಎತ್ತುವವನ ಹಾಗೆ ಎದೆಯಿಂದ ದೂರ ಹಿಡಿದು ಎತ್ತಿದೆ. ಅವನು ಸೆಟೆದುಕೊಂಡ. ಕಾಲು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ, ಸೊಂಟದ ಮೇಲೆ ಹೇಗೆ ಕೂರಿಸಿಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ. ಚಿಕ್ಕಪ್ಪನ ಮಕ್ಕಳನ್ನು ಸಾವಿರ ಸಲ ಎತ್ತಿದ್ದೆ. ಇದು ಬೇರೆಯೇ ಕೆಲಸವಾಗಿತ್ತು.

"ಆತೇನ್ರಿ?" ಒಳಗಿನಿಂದ ಮೇಷ್ಟ್ರ ದನಿ.

"ಆತ್ರಿ."

"ಇಳಿಸಬ್ಯಾಡ್ರಿ ಇನ್ನೂ."

ಪ್ರತಿ ಭಾನುವಾರ ಹೋಗತೊಡಗಿದೆವು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಹುಡುಗ ಹಿತ್ತಲಲ್ಲಿ ತೊಂಡೆಕಾಯಿ ಬಿಡಿಸುತ್ತಿದ್ದಾಗ, ನಾನು ಮಾರ್ಕೆಟ್ಟಿನ ಸಂಗತಿ ಹೇಳಿಬಿಟ್ಟೆ. ಹಮಾಲಿಯನ್ನು ಕರೆದದ್ದು, ಗಂಡುಹುಡುಗ ಅಳುತ್ತಾನೇನೋ ಎಂದದ್ದು, ಎಲ್ಲ. ಹೇಳುತ್ತ ಹೇಳುತ್ತ ನಾನೇ ಅತ್ತೆ. ಮೀಸೆ ಬಂದ ಮೇಲೆ ನಾನು ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ನಾನು ಮುಗಿಸುವವರೆಗೆ ನಶ್ಯದ ಡಬ್ಬಿಯನ್ನು ಮುಚ್ಚಿ ತೆಗೆದು ಮಾಡುತ್ತ ಕೂತಿದ್ದರು.

"ಕೈ ಸೊಂಟದ ಮಟ ಬಂದಿತ್ತು ಅಂದ್ರಲ್ಲ," ಎಂದರು ಆಮೇಲೆ. "ಇನ್ನು ಅಲ್ಲಿಂದ ಮ್ಯಾಲಕ್ಕೆ ತರಬೇಕು. ಅದೊಂದೇ ಕೆಲಸ ಇರೋದು. ಮುಂದಿನ ವಾರ ಇವನಿಗೆ ಎಣ್ಣೆ ಹಚ್ಚಿ ನೀರು ಹಾಕ್ರಿ, ನೀವೇ. ಏನಾದ್ರೂ ಮಾತಾಡಿದ ಅಂದ್ರೆ ಹಬ್ಬ ಮಾಡಬ್ಯಾಡ್ರಿ. ಸುಮ್ನೆ ಜವಾಬು ಕೊಡ್ರಿ."

ಎಣ್ಣೆ ಹಚ್ಚಿ ಎರೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಹರಳೆಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ಕೊಟ್ಟ ಮೇಷ್ಟ್ರು ಹೊಳೆಯ ಮೆಟ್ಟಿಲ ತನಕ ಬಂದು ವಾಪಸು ಹೋದರು. ಬೇಸಗೆ ಶುರುವಾಗಿತ್ತು, ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಳು. ಆಚೆ ದಡದಲ್ಲಿ ಅಗಸರು ಬಟ್ಟೆ ಒಗೆಯುತ್ತಿದ್ದರು. ನಾನು ಮಗನನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಒತ್ತಿದೆ. ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ, ಬೆನ್ನು. ಎಡ ಭುಜದ ಮೇಲೆ ಅವನಿಗೊಂದು ಮಚ್ಚೆ ಇತ್ತು; ಆರು ವರ್ಷ ನಾನದನ್ನು ನೋಡಿರಲಿಲ್ಲ. ಮೊದಲು ಕಲ್ಲಿನಂತಿದ್ದ ಅವನ ಬೆನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು. ಕಡೆಗೆ ನನ್ನ ಮೊಣಕಾಲಿಗೆ ಒರಗಿಕೊಂಡ. ಸೀಗೆಪುಡಿ ಹಾಕಿ ತಲೆ ತಿಕ್ಕುವಾಗ ನನಗೆ ಅಂದಾಜು ತಪ್ಪಿತು.

"ಅಣ್ಣ, ಕಣ್ಣುರಿ," ಎಂದ.

ಎಲ್ಲೂ ತೊಡರಲಿಲ್ಲ. ಐದು ತಿಂಗಳ ಮೇಲೆ ಅವನ ದನಿ ಕೇಳಿದ್ದೆ. ಹಬ್ಬ ಮಾಡಬೇಡಿ ಎಂಬುದು ನೆನಪಿತ್ತು. "ಮುಚ್ಕ ಕಣ್ಣು," ಎಂದು ತಂಬಿಗೆಯಲ್ಲಿ ನೀರು ಹೊಯ್ದೆ. ಅರ್ಧ ನೀರು ಮೆಟ್ಟಿಲ ಪಾಲಾಯಿತು. ಆ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅವನ ತಲೆಗೆ ಇನ್ನೊಂದು ಸಲ ಸೀಗೆಪುಡಿ ಹಾಕಿ ತಿಕ್ಕಿದೆ. ಅವನು ಇನ್ನೊಂದು ಸಲ ಕಣ್ಣುರಿ ಎಂದ.

ಅಲ್ಲಿಂದ ಹರಿಹರದಲ್ಲಿ ಅವನು ಮಾತಾಡತೊಡಗಿದ. ತಡೆದು ತಡೆದು, ಆದರೂ ಮಾತು. ಸೇತುವೆಗೆ ಎಷ್ಟು ಕಣ್ಣು, ಮೀನಿಗೆ ಬಾಯಾರಿಕೆ ಆಗುತ್ತದೆಯೇ, ಮೇಷ್ಟ್ರ ಮೂಗು ಯಾಕೆ ಕಂದು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಹೊರಗೆ ಕಂಡದ್ದನ್ನೆಲ್ಲ ಹೇಳುತ್ತಿದ್ದ. ದಾವಣಗೆರೆಯ ಮಿಲ್ಲಿನ ಚಿಮಣಿ ಕಂಡಕೂಡಲೇ ಬಾಯಿ ಮುಚ್ಚುತ್ತಿದ್ದ. ಮನೆಯಲ್ಲಿ ಒಂದಕ್ಷರವಿಲ್ಲ. ನನ್ನ ಹೆಂಡತಿಗೆ ಹೇಳಿದೆ, ಮಗ ಮಾತಾಡುತ್ತಾನೆ ಎಂದು. ಅವಳು ನಂಬಿದಳು, ಆದರೆ ಕೇಳಿರಲಿಲ್ಲ. ದಿನವೂ ಅವನ ಮುಂದೆ ಕೂತು ಕಾಯುತ್ತಿದ್ದಳು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಬಸ್ ಸ್ಟ್ಯಾಂಡಿನಿಂದ ಅವನನ್ನು ಎತ್ತಿಕೊಂಡೇ ನಡೆಯುತ್ತಿದ್ದೆ. ನಮ್ಮ ಓಣಿಯ ಮೂಲೆಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಅಲ್ಲಿ ಇಳಿಸಿ, ನಾನು ನಾಲ್ಕು ಹೆಜ್ಜೆ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ ಮನೆ ಸೇರುತ್ತಿದ್ದೆವು. ಒಂದು ಭಾನುವಾರ ಗಿರಣಿ ಇನ್ನೂ ಹತ್ತು ಮಾರು ದೂರವಿತ್ತು. ನಾನು ಏನೂ ಹೇಳಿರಲಿಲ್ಲ. ಅವನೇ ನನ್ನ ಕುತ್ತಿಗೆಯಿಂದ ಕೈ ಬಿಡಿಸಿಕೊಂಡು, ಜಾರಿ ಕೆಳಗಿಳಿದ. ಅಂಗಿ ಸರಿ ಮಾಡಿಕೊಂಡ. ನಾನು ಮುಂದೆ ಹೋಗಲಿ ಎಂದು ಗೋಡೆಯ ಪಕ್ಕ ನಿಂತು ಕಾದ.

ಮಾರ್ಕೆಟ್ಟಿನ ಆ ದಿನಕ್ಕಿಂತ ಇದರಿಂದ ನನಗೆ ಹೆಚ್ಚು ನೋವಾಯಿತು. ಆರು ವರ್ಷದ ಮಗು ನನ್ನ ಮರ್ಯಾದೆ ಕಾಯುತ್ತಿತ್ತು. ನಾನು ಇಪ್ಪತ್ತು ವರ್ಷದಲ್ಲಿ ಕಲಿತದ್ದನ್ನು ಅವನು ಇಷ್ಟು ಬೇಗ ಕಲಿತಿದ್ದ, ಕಲಿಸಿದವನು ನಾನೇ.

ಮುಂದಿನ ವಾರ ಮೇಷ್ಟ್ರ ಮುಂದೆ ಇದನ್ನು ಹೇಳಿದೆ. ಮನೆಯಲ್ಲಿ ಯಾಕೆ ಮಾತಾಡುವುದಿಲ್ಲ, ಏನಾದರೂ ಉಪಾಯ ಹೇಳಿ ಎಂದೆ.

"ಹರಿಹರದಾಗೆ ನೀವು ಇವನ ಅಪ್ಪ. ದಾವಣಗೆರೆಯಾಗೆ ಅಲ್ಲ," ಎಂದರು ಅವರು. "ನಾನು ಅಲ್ಲಿಗೆ ಬಂದು ಎತ್ಕಳಾಕೆ ಆಗ್ತೈತೇನ್ರಿ? ಇನ್ನು ನನ್ನ ಹತ್ರ ಏನೂ ಇಲ್ಲ. ಬೇಕಾದ್ರೆ ತೊಂಡೆಕಾಯಿ ತಗಂಡ್ ಹೋಗ್ರಿ."

ತೊಂಡೆಕಾಯಿ ತೆಗೆದುಕೊಂಡೇ ಹೊರಟೆ. ದಾವಣಗೆರೆಯಲ್ಲಿ ಇಳಿದಾಗ ಸಂಜೆ ನಾಲ್ಕು ಗಂಟೆ. ಅವನನ್ನು ಸೊಂಟದ ಮೇಲಲ್ಲ, ಹೆಗಲ ಮೇಲೆ ಕೂರಿಸಿಕೊಂಡೆ. ಅಲ್ಲಿಂದ ಅವನೊಬ್ಬನೇ ಇಳಿಯಲಾಗುತ್ತಿರಲಿಲ್ಲ. ಗಿರಣಿ ಹತ್ತಿರ ಬಂದಾಗ ಅವನ ಕಾಲುಗಳು ಇಳಿಯಲು ಒದ್ದಾಡಿದವು. ನಾನು ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗಿರಣಿಯವನು ನೋಡಿದ, ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ನೋಡಿದ.

ನನ್ನ ಪುಣ್ಯಕ್ಕೆ ಪಡಸಾಲೆಯಲ್ಲಿ ಆವತ್ತೇ ಮಲೆಬೆನ್ನೂರಿನ ಬೀಗರು ಬಂದು ಕೂತಿದ್ದರು. ನನ್ನ ತಂಗಿಯನ್ನು ಕೊಟ್ಟ ಮನೆಯವರು, ಇಬ್ಬರು ಹಿರಿಯರು. ಅವರ ಮುಂದೆ ನಮ್ಮ ಮನೆಯಲ್ಲಿ ಕೆಮ್ಮುವುದಕ್ಕೂ ಲೆಕ್ಕವಿತ್ತು. ಮಧ್ಯದಲ್ಲಿ ಕಂಬಕ್ಕೆ ಒರಗಿ ನಮ್ಮಪ್ಪ. ನಾನು ಜಗಲಿ ಹತ್ತಿದೆ.

"ಏನ್ರಿ ಸಾಹುಕಾರ್ರೆ," ಎಂದರು ದೊಡ್ಡ ಬೀಗರು, ನಕ್ಕು, "ನಿಮ್ಮ ಮಗ ಮಗನ್ನ ಹೊತ್ಕಂಡು ಮೆರವಣಿಗೆ ಬರ್ತಾ ಅದಾನೆ."

ನಮ್ಮಪ್ಪ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಧೈರ್ಯದಿಂದಲ್ಲ, ಹೆಗಲ ಮೇಲೆ ಮಗನಿದ್ದಾಗ ತಲೆ ತಗ್ಗಿಸಲು ಬರುವುದಿಲ್ಲ. ನಾನು ಒಳಬಾಗಿಲ ಕಡೆ ಹೆಜ್ಜೆ ಇಟ್ಟೆ.

"ಬಾಗ್ಲು ತಗ್ಗು ಐತೆ," ಎಂದರು ನಮ್ಮಪ್ಪ. "ಅವನ ತಲೆ ನೋಡ್ಕ."

ನಾನು ಮೊಣಕಾಲು ಬಗ್ಗಿಸಿದೆ. ಮೇಲಿದ್ದವನು ಎರಡೂ ಕೈಗಳಿಂದ ಬಾಗಿಲ ಮೇಲಿನ ಪಟ್ಟಿ ಹಿಡಿದುಕೊಂಡು, ಪಡಸಾಲೆಯ ಕಡೆ ತಿರುಗಿ, ತೊದಲಿ ತೊದಲಿ, ಎಲ್ಲರಿಗೂ ಕೇಳುವ ಹಾಗೆ, "ಅಪ್ಪ, ನ, ನ, ನಾನೇ ಎತ್ತರ," ಎಂದ.

ಒಳಗೆ ಒಲೆಯ ಮುಂದಿದ್ದ ನನ್ನ ಹೆಂಡತಿ ಎದ್ದು ನಿಂತಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನನ್ನೇ ನೋಡಿದಳು. ಆಮೇಲೆ, ಹಗಲು ಹೊತ್ತಿನಲ್ಲಿ, ನಡುವೆ ಯಾರ ಬಾಯಿಯೂ ಇಲ್ಲದೆ, ನೇರವಾಗಿ ನನಗೇ, "ಇಲ್ಲಿ ಕೊಡ್ರಿ ಅವನ್ನ," ಎಂದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಮಗನ ಮಾತು ಒಂದೇ ದಿನಕ್ಕೆ ಸರಿಯಾಗಲಿಲ್ಲ. ಎರಡು ವರ್ಷ ಹಿಡಿಯಿತು. ಸಿಟ್ಟು ಬಂದರೆ ಅವನು ಇವತ್ತಿಗೂ ಸ್ವಲ್ಪ ತಡೆಯುತ್ತಾನೆ. ಬೀಗರು ಊರಲ್ಲೆಲ್ಲ ನಮ್ಮ ಮನೆಯ ಸುದ್ದಿ ಹೇಳಿದರೆಂದು ಕೇಳಿದೆ. ಹೇಳಿಕೊಳ್ಳಲಿ.

ಆ ಸಂಜೆ ಬೀಗರನ್ನು ಬಸ್ಸಿಗೆ ಕಳಿಸಿದ ಮೇಲೆ ಪಡಸಾಲೆಯಲ್ಲಿ ನಮ್ಮಪ್ಪ ಒಬ್ಬರೇ ಇದ್ದರು. ಬೈಗುಳ ತಿನ್ನಲು ಸಿದ್ಧನಾಗಿಯೇ ಹೋಗಿ ಎದುರಿಗೆ ನಿಂತೆ. ಅವರು ಮಾರ್ಕೆಟ್ಟಿಗೆ ಹೊರಡಲು ಎದ್ದರು, ರುಮಾಲು ಸುತ್ತಿಕೊಂಡರು, ಜಗಲಿಯ ಅಂಚಿಗೆ ಬಂದರು. ಅವರಿಗಾಗ ಐವತ್ತೆಂಟು ಇರಬೇಕು. ಕೋಲು ಹಿಡಿಯುವ ವಯಸ್ಸಲ್ಲ.

"ನಮ್ಮಪ್ಪ ಇರೋತನಕ ನಾನು ನಿನ್ನ ಎತ್ಕಳಲಿಲ್ಲ," ಎಂದರು ಬೀದಿಯ ಕಡೆ ನೋಡುತ್ತ. "ಅವರು ಹೋದಾಗ ನಿನಗೆ ಹನ್ನೆರಡು ವರ್ಷ ಆಗಿತ್ತು. ಅಷ್ಟೊತ್ತಿಗೆ ಎತ್ಕಳಾಕೆ ಆಗ್ತಿರಲಿಲ್ಲ."

ಅವರು ಎಕ್ಕಡ ಮೆಟ್ಟಿಕೊಳ್ಳುತ್ತ ಆಯ ತಪ್ಪಿದವರ ಹಾಗೆ ನನ್ನ ಹೆಗಲು ಹಿಡಿದುಕೊಂಡರು. ಬಲಗಾಲಿಗೆ ಹಾಕಿಕೊಂಡರು, ಎಡಗಾಲಿಗೆ ಹಾಕಿಕೊಂಡರು. ಎರಡೂ ಹಾಕಿಕೊಂಡಾದ ಮೇಲೂ ಕೈ ತೆಗೆಯಲಿಲ್ಲ. ನಾನು ಅಲುಗದೆ ನಿಂತಿದ್ದೆ.